ನೀರಿಂಗುವ ಕಾಂಕ್ರೀಟಿನ ಪಾರ್ಕಿಂಗ್ ಅಂಗಳ: ದೋಷ ಯಾವ ಪದರದಲ್ಲಿದೆ, ಯಾವಾಗ ಹುಟ್ಟಿತು ಎಂದು ಪತ್ತೆಹಚ್ಚುವ ಬಗೆ

ನೀರಿಂಗುವ ಕಾಂಕ್ರೀಟಿನಿಂದ ಮಾಡಿದ ಪಾರ್ಕಿಂಗ್ ಅಂಗಳಗಳ ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಮೂರೇ ಬಗೆಯವು: ನೀರು ನಿಲ್ಲುತ್ತದೆ, ಮೇಲಿನ ಜಲ್ಲಿ ಕಿತ್ತುಬರುತ್ತದೆ, ಇಲ್ಲವೇ ಚಪ್ಪಡಿ ಬಿರುಕುಬಿಟ್ಟು ಕುಸಿಯುತ್ತದೆ. ದೂರು ಬಂದ ಕೂಡಲೇ ಉತ್ತರವೂ ಸಿದ್ಧವಾಗಿರುತ್ತದೆ. ನೀರು ನಿಂತರೆ ರಂಧ್ರಗಳು ಕಟ್ಟಿಕೊಂಡಿವೆ, ತೊಳೆಯಬೇಕು ಎನ್ನುತ್ತಾರೆ. ಜಲ್ಲಿ ಕಿತ್ತುಬಂದರೆ ಕಾಂಕ್ರೀಟೇ ಕಳಪೆ, ಒಡೆದು ತೆಗೆಯಬೇಕು ಎನ್ನುತ್ತಾರೆ. ಈ ಉತ್ತರಗಳು ಕೆಲವೊಮ್ಮೆ ಸರಿಯಾಗಿರಬಹುದು, ಆದರೆ ಪರೀಕ್ಷೆಯಿಲ್ಲದೆ ಅವನ್ನು ನಂಬಿ ಕೆಲಸಕ್ಕೆ ಇಳಿದರೆ ತೊಳೆದ ಅಂಗಳದಲ್ಲಿ ಮತ್ತೆ ನೀರು ನಿಲ್ಲುತ್ತದೆ, ಉಳಿಸಬಹುದಾಗಿದ್ದ ಚಪ್ಪಡಿ ಅನ್ಯಾಯವಾಗಿ ಒಡೆದುಹೋಗುತ್ತದೆ. ದೋಷ ಯಾವ ಪದರದಲ್ಲಿದೆ, ಅದು ಕಾಂಕ್ರೀಟ್ ಹಾಕಿದ ದಿನವೇ ಹುಟ್ಟಿದ್ದೋ ಬಳಕೆಯಲ್ಲಿ ಬಂದದ್ದೋ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಯಾವ ದುರಸ್ತಿಯನ್ನೂ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾಂಕ್ರೀಟಿನ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಪ್ರಶ್ನೆಗಳು ಏಕೆ ಮುಖ್ಯವೆಂಬುದು ತಿಳಿಯುತ್ತದೆ. ಇದರಲ್ಲಿ ಮರಳು ಇರುವುದಿಲ್ಲ, ಇದ್ದರೂ ತೀರ ಕಡಿಮೆ. ಹೆಚ್ಚಾಗಿ 10 ಮಿ.ಮೀ. ಆಸುಪಾಸಿನ ಒಂದೇ ಗಾತ್ರದ ಜಲ್ಲಿಯ ಮೇಲೆ ಸಿಮೆಂಟ್ ಪೇಸ್ಟಿನ ತೆಳುವಾದ ಲೇಪವಿದ್ದು, ಜಲ್ಲಿಗಳು ಪರಸ್ಪರ ತಾಗುವ ಬಿಂದುಗಳಲ್ಲಿ ಮಾತ್ರ ಅಂಟಿಕೊಂಡಿರುತ್ತವೆ. ಉಳಿದ ಜಾಗ ಖಾಲಿ. ಒಟ್ಟು ಘನಗಾತ್ರದಲ್ಲಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಹೀಗೆ ಒಂದಕ್ಕೊಂದು ಕೂಡಿಕೊಂಡ ರಂಧ್ರಗಳೇ ಆಗಿರುತ್ತವೆ. ಕಾರುಗಳು ನಿಲ್ಲುವ ಅಂಗಳದಲ್ಲಿ ಸುಮಾರು 150 ಮಿ.ಮೀ. ದಪ್ಪದ ಇಂಥ ಚಪ್ಪಡಿಯ ಕೆಳಗೆ ಪುಡಿಯಿಲ್ಲದ ಜಲ್ಲಿಯ ಹಾಸು, ಅದರ ಕೆಳಗೆ ನೆಲದ ಮಣ್ಣು, ಮಣ್ಣು ಬೇಗ ನೀರು ಕುಡಿಯದಿದ್ದರೆ ಹಾಸಿನೊಳಗೆ ಒಂದು ಬಸಿಗೊಳವೆ ಇರುತ್ತದೆ. ನೀರು ಇವೆಲ್ಲವನ್ನೂ ದಾಟಿ ಹೋಗಬೇಕು. ಎಲ್ಲೋ ಒಂದು ಕಡೆ ತಡೆಯಾದರೂ ಮೇಲೆ ಕಾಣುವ ಲಕ್ಷಣ ಒಂದೇ.

ದೋಷದ ನಕ್ಷೆ

ಯಾವ ಉಪಕರಣವನ್ನೂ ತೆಗೆಯುವ ಮೊದಲು ಅಂಗಳದ ಒಂದು ನಕ್ಷೆ ಬರೆದು, ದೋಷ ಕಾಣುವ ಜಾಗಗಳನ್ನೆಲ್ಲ ಅದರಲ್ಲಿ ಗುರುತಿಸಬೇಕು. ಕಾಂಕ್ರೀಟ್ ಹಾಕಿದಾಗಿನ ದಾಖಲೆ ಸಿಕ್ಕಿದರೆ ಯಾವ ಲಾರಿಯ ಕಾಂಕ್ರೀಟ್ ಎಲ್ಲಿ ಬಿತ್ತು, ಯಾವ ಹೊತ್ತಿನಲ್ಲಿ ಬಿತ್ತು ಎಂಬುದನ್ನೂ ಅದೇ ನಕ್ಷೆಯಲ್ಲಿ ಸೇರಿಸಬೇಕು. ದೋಷದ ಗಡಿ ಚಪ್ಪಡಿಗಳ ನಡುವಿನ ಒಂದು ಸಂದಿನಿಂದ ಇನ್ನೊಂದು ಸಂದಿಗೆ ನೇರವಾಗಿ ಸಾಗಿ, ಒಂದು ಲಾರಿಯ ಕಾಂಕ್ರೀಟ್ ಮುಗಿಯುವಲ್ಲಿಗೇ ನಿಂತರೆ ಅದು ಮಿಶ್ರಣದ್ದು ಅಥವಾ ಹಾಕಿದ ದಿನದ ಕೆಲಸದ್ದು. ಗಡಿ ಸಂದುಗಳನ್ನು ಲೆಕ್ಕಿಸದೆ ಹೂದೋಟದ ಅಂಚಿನಿಂದ, ಮರದ ನೆರಳಿನಿಂದ ಅಥವಾ ಪ್ರವೇಶದ್ವಾರದಿಂದ ಒಳಕ್ಕೆ ಹರಡಿದ್ದರೆ ಅದು ಬಳಕೆಯಲ್ಲಿ ಬಂದದ್ದು. ಚಕ್ರಗಳು ತಿರುಗುವ ಜಾಗಕ್ಕೆ ಮಾತ್ರ ಸೀಮಿತವಾಗಿದ್ದರೆ ಹೊರೆಯ ಪ್ರಶ್ನೆ ಮುಂದೆ ಬರುತ್ತದೆ. ಈ ನಕ್ಷೆಯೊಂದೇ ಅರ್ಧದಷ್ಟು ಪ್ರಕರಣಗಳಿಗೆ ದಿಕ್ಕು ತೋರಿಸಬಲ್ಲದು, ಆದರೂ ಅದನ್ನು ಬರೆಯುವ ತಾಳ್ಮೆ ತೋರುವವರು ಕಡಿಮೆ.

ನೀರು ನಿಲ್ಲುವುದು

ಮೊದಲು ಒಂದು ಲೆಕ್ಕವನ್ನು ಅರಿತಿರಬೇಕು. ಚೆನ್ನಾಗಿ ಹಾಕಿದ ಹೊಸ ಚಪ್ಪಡಿ ಗಂಟೆಗೆ ಹಲವು ಸಾವಿರ ಮಿ.ಮೀ. ನೀರನ್ನು ಒಳಕ್ಕೆ ಬಿಡುತ್ತದೆ, 10,000 ಮಿ.ಮೀ. ದಾಟುವುದೂ ಅಪರೂಪವಲ್ಲ. ಗಂಟೆಗೆ 100 ಮಿ.ಮೀ. ಎಂದರೆ ಬಲು ಬಿರುಸಾದ ಮಳೆ. ಅಂದರೆ 10,000ದಿಂದ ಆರಂಭವಾದ ಚಪ್ಪಡಿ ತನ್ನ ಮೇಲೆ ನೇರವಾಗಿ ಬೀಳುವ ಅಂಥ ಮಳೆಗೂ ಸೋಲಬೇಕಾದರೆ ಅದು ತನ್ನ ಸಾಮರ್ಥ್ಯದ ಶೇ. 99ನ್ನು ಕಳೆದುಕೊಂಡಿರಬೇಕು. ನೀರು ನಿಂತದ್ದು ಕಣ್ಣಿಗೆ ಕಂಡ ದಿನ ದೋಷ ಆರಂಭವಾದ ದಿನವಲ್ಲ. ಹೂಳೇ ಕಾರಣವಾಗಿದ್ದರೆ ಅದು ವರ್ಷಗಳಿಂದ ಸೇರುತ್ತ ಬಂದಿರಬಹುದು. ಹೊಸ ಅಂಗಳದಲ್ಲಿ ಮೊದಲ ಮಳೆಗೇ ನೀರು ನಿಂತರೆ ಕಾರಣ ಹೂಳಾಗಿರುವ ಸಾಧ್ಯತೆ ಕಡಿಮೆ. ಇದಕ್ಕೆ ಒಂದು ಅಪವಾದವುಂಟು: ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದು, ಅಗೆದ ಮಣ್ಣು ಹರಿದು ಬಂದಿದ್ದರೆ ಅಥವಾ ಮಣ್ಣಿನ ರಾಶಿಯನ್ನು ಚಪ್ಪಡಿಯ ಮೇಲೆಯೇ ಸುರಿದಿದ್ದರೆ ಕೆಲವೇ ದಿನಗಳಲ್ಲಿ ರಂಧ್ರಗಳು ಮುಚ್ಚಿಹೋಗಬಲ್ಲವು.

ಪರೀಕ್ಷೆಯ ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಬಸಿಗೊಳವೆಯಿದ್ದರೆ ಅದರ ಹೊರಬಾಯಿ ತೆರೆದಿದೆಯೇ ಎಂದು ನೋಡಬೇಕು. ಅಲ್ಲಿ ಹೂಳೋ ಬೇರೋ ಕಟ್ಟಿಕೊಂಡಿದ್ದರೆ ಅದನ್ನು ಮೊದಲು ತೆಗೆಯಬೇಕು. ಜಲ್ಲಿ ಹಾಸಿನ ನೀರಿನ ಮಟ್ಟ ನೋಡಲು ಕೊಳವೆಯನ್ನು ಇಳಿಬಿಟ್ಟಿದ್ದರೆ ಮಳೆ ನಿಂತ ಮೇಲೆ ಅದರೊಳಗಿನ ಮಟ್ಟವನ್ನು ದಿನವೂ ಅಳೆದು ಬರೆಯಬೇಕು. ಹಾಸು 72 ಗಂಟೆಯೊಳಗೆ ಬರಿದಾಗಬೇಕೆಂಬುದು ವಿನ್ಯಾಸಕಾರರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಅದಕ್ಕೂ ಹೆಚ್ಚು ಹೊತ್ತು ನೀರು ಒಳಗೇ ಇದ್ದರೆ ತಡೆ ಇರುವುದು ಮಣ್ಣಿನಲ್ಲಿ ಅಥವಾ ಕೊಳವೆಯಲ್ಲಿ, ಮೇಲ್ಮೈಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ನೆಲವನ್ನು ಸಾಮಾನ್ಯ ರಸ್ತೆಗೆಂಬಂತೆ ರೋಲರಿನಿಂದ ಅತಿಯಾಗಿ ದಮ್ಮಸ್ಸು ಮಾಡಿರುವುದು, ಹಾಸಿನಲ್ಲಿ ತೊಳೆಯದ ಜಲ್ಲಿಯನ್ನು ಬಳಸಿರುವುದು, ಅದರ ಪುಡಿ ಕೆಳಗಿಳಿದು ಮಣ್ಣಿನ ಮೇಲೆ ಅಥವಾ ಹಾಸಿಗೂ ಮಣ್ಣಿಗೂ ನಡುವೆ ಹಾಸಿದ ಬಟ್ಟೆಪದರದ ಮೇಲೆ ಕೆಸರಾಗಿ ಕುಳಿತಿರುವುದು ಇದಕ್ಕೆ ಕಾರಣಗಳು.

ಇಳಿಜಾರಿನ ಅಂಗಳ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮೇಲಿನ ಭಾಗದಲ್ಲಿ ಇಂಗಿದ ನೀರು ಜಲ್ಲಿ ಹಾಸಿನೊಳಗೇ ಜಾರಿ ತಗ್ಗಿನ ತುದಿಗೆ ಬಂದು, ಅಲ್ಲಿ ಜಾಗ ಸಾಲದೆ ಚಪ್ಪಡಿಯ ಮೂಲಕ ಮೇಲಕ್ಕೆ ಉಕ್ಕುತ್ತದೆ. ನೋಡಿದವರು ತಗ್ಗಿನ ಚಪ್ಪಡಿ ಕಟ್ಟಿಕೊಂಡಿದೆ ಎಂದುಕೊಳ್ಳುತ್ತಾರೆ, ವಾಸ್ತವದಲ್ಲಿ ಆ ಚಪ್ಪಡಿಯ ರಂಧ್ರಗಳು ತೆರೆದಿರುವುದರಿಂದಲೇ ನೀರು ಅಲ್ಲಿ ಹೊರಬರುತ್ತಿದೆ. ಗುರುತಿಸುವುದು ಸುಲಭ: ಮಳೆ ನಿಂತ ಮೇಲೂ ತಗ್ಗಿನಲ್ಲಿ ನೀರು ಒಸರುತ್ತಲೇ ಇದ್ದರೆ ಅದು ಕೆಳಗಿನಿಂದ ಬಂದ ನೀರು, ಮಳೆ ಬರುವಾಗ ನಿಂತ ನೀರು ಅನಂತರ ಮೆಲ್ಲಗೆ ಇಂಗುತ್ತ ಅಥವಾ ಆರುತ್ತ ಹೋದರೆ ತಡೆ ಮೇಲಿದೆ. ಮೊದಲನೆಯದಕ್ಕೆ ಪರಿಹಾರ ಹಾಸಿನೊಳಗೆ ಇಳಿಜಾರಿಗೆ ಅಡ್ಡವಾಗಿ ತಡೆಗಳನ್ನು ಕಟ್ಟುವುದು ಇಲ್ಲವೇ ತಗ್ಗಿನಲ್ಲಿ ಬಸಿಗೊಳವೆ ಇಡುವುದು.

ಕೆಳಗಿನ ಪದರಗಳು ನಿರ್ದೋಷಿಯೆಂದು ಕಂಡಮೇಲೆ ಚಪ್ಪಡಿಯ ಸರದಿ. ಇದಕ್ಕೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಸಿ 1701 ಮಾನಕ ವಿವರಿಸುವ ಉಂಗುರದ ಪರೀಕ್ಷೆಯಿದೆ. ಒಳವ್ಯಾಸ 300 ಮಿ.ಮೀ. ಇರುವ ಉಂಗುರವನ್ನು ಕಸ ಗುಡಿಸಿದ ಮೇಲ್ಮೈಯ ಮೇಲಿಟ್ಟು, ಬುಡದ ಸುತ್ತ ಪ್ಲಂಬರುಗಳು ಬಳಸುವ ಪುಟ್ಟಿಯನ್ನು ಒತ್ತಿ ನೀರು ಸೋರದಂತೆ ಮಾಡಬೇಕು. ಮೊದಲು 3.6 ಕಿ.ಗ್ರಾಂ. ನೀರನ್ನು ಉಂಗುರದೊಳಗೆ 10ರಿಂದ 15 ಮಿ.ಮೀ. ಎತ್ತರ ಕಾಯ್ದುಕೊಳ್ಳುವಂತೆ ಸುರಿದು ಮೇಲ್ಮೈ ನೆನೆಸಬೇಕು. ಅದು 30 ಸೆಕೆಂಡಿನೊಳಗೆ ಇಂಗಿದರೆ ಮುಖ್ಯ ಪರೀಕ್ಷೆಗೆ 18 ಕಿ.ಗ್ರಾಂ., ಇಲ್ಲದಿದ್ದರೆ ಮತ್ತೆ 3.6 ಕಿ.ಗ್ರಾಂ. ನೀರನ್ನೇ ಅದೇ ರೀತಿ ಸುರಿದು, ಮೇಲ್ಮೈಯಲ್ಲಿ ನೀರು ಕಾಣೆಯಾಗುವ ತನಕದ ಸಮಯವನ್ನು ಅಳೆಯಬೇಕು. 18 ಕಿ.ಗ್ರಾಂ. ಬಳಸಿದ್ದರೆ ಸುಮಾರು 9,17,000ವನ್ನು ಸೆಕೆಂಡುಗಳಿಂದ ಭಾಗಿಸಿದಾಗ ಗಂಟೆಗೆ ಎಷ್ಟು ಮಿ.ಮೀ. ಎಂಬ ಉತ್ತರ ಸಿಗುತ್ತದೆ, 3.6 ಕಿ.ಗ್ರಾಂ. ಬಳಸಿದ್ದರೆ ಸುಮಾರು 1,83,000ವನ್ನು ಭಾಗಿಸಬೇಕು. 18 ಕಿ.ಗ್ರಾಂ. ನೀರು 90 ಸೆಕೆಂಡಿನಲ್ಲಿ ಇಂಗಿದರೆ ಗಂಟೆಗೆ ಸುಮಾರು 10,200 ಮಿ.ಮೀ., ಚಪ್ಪಡಿ ಆರೋಗ್ಯವಾಗಿದೆ. 3.6 ಕಿ.ಗ್ರಾಂ. ನೀರಿಗೆ 10 ನಿಮಿಷ ಬೇಕಾದರೆ ಗಂಟೆಗೆ ಸುಮಾರು 305 ಮಿ.ಮೀ.

ಈ 305 ಸಾಕೋ ಸಾಲದೋ ಎಂಬುದು ಸುತ್ತಲಿನ ಜಾಗವನ್ನು ಅವಲಂಬಿಸಿದೆ. ತನ್ನ ಮೇಲೆ ಬೀಳುವ ಮಳೆಯೊಂದನ್ನೇ ಹೊತ್ತರೆ ಧಾರಾಳವಾಗಿ ಸಾಕು. ಆದರೆ ಅಂಗಳದ ಮೂರರಷ್ಟು ಹರವಿನ ಚಾವಣಿಯ ಅಥವಾ ಡಾಂಬರು ನೆಲದ ನೀರೂ ಅದರ ಮೇಲೆಯೇ ಹರಿದು ಬಂದರೆ ಗಂಟೆಗೆ 100 ಮಿ.ಮೀ. ಮಳೆಯಲ್ಲಿ 400 ಮಿ.ಮೀ. ಬೇಕಾಗುತ್ತದೆ, 305 ಸಾಲದು. ಹಾಗಾಗಿ ಅಳತೆಯ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡಬಾರದು. ನೀರು ನಿಲ್ಲುವ ಜಾಗದಲ್ಲಿ ಮಾತ್ರ ಅಳೆಯುವುದೂ ತಪ್ಪು. ನಿಲ್ಲದ ಜಾಗದಲ್ಲಿ, ಅಂಚಿನಲ್ಲಿ, ವಾಹನ ಓಡಾಡುವ ಪಟ್ಟಿಯಲ್ಲಿ ಕೂಡ ಅಳೆದು ಹೋಲಿಸಬೇಕು. ಮಳೆ ಬಿದ್ದು ಒಂದು ದಿನವಾದರೂ ಕಳೆದಿರಬೇಕು.

ಅಳತೆ ಕಡಿಮೆ ಬಂದಲ್ಲಿ 100 ಮಿ.ಮೀ. ವ್ಯಾಸದ ಕೋರ್ ಮಾದರಿಯನ್ನು ಪೂರ್ಣ ದಪ್ಪಕ್ಕೆ ಕೊರೆದು ತೆಗೆಯುವುದು ಅತ್ಯಂತ ಖಚಿತವಾದ ದಾರಿ. ಮಾದರಿಯ ಪಕ್ಕೆಯನ್ನು ನೋಡಿದರೆ ಹಲವು ಸಂಗತಿಗಳು ತಾವಾಗಿಯೇ ಕಾಣುತ್ತವೆ. ಮೇಲಿನ 20-30 ಮಿ.ಮೀ.ಗಳಲ್ಲಿ ಮಾತ್ರ ಕಪ್ಪಾದ, ಕೆಂಪಾದ ಕೊಳೆ ತುಂಬಿ, ಕೆಳಗೆ ರಂಧ್ರಗಳು ಶುಭ್ರವಾಗಿದ್ದರೆ ಅದು ಹೂಳು. ಇದು ಶುಭಸೂಚನೆ, ಏಕೆಂದರೆ ತೊಳೆದು ತೆಗೆಯಬಹುದಾದ ದೋಷ ಇದೊಂದೇ. ಮೇಲೆ ಕೆಲವು ಮಿ.ಮೀ. ದಪ್ಪದ ನುಣುಪಾದ ಸಿಮೆಂಟ್ ಪೊರೆಯಿದ್ದರೆ ಹಾಕಿದ ದಿನ ಮೇಲ್ಮೈಯನ್ನು ಅತಿಯಾಗಿ ಉಜ್ಜಿದ್ದಾರೆ ಅಥವಾ ಬಿಗಿಯಾಗಲೆಂದು ಮೇಲೆ ನೀರು ಚಿಮುಕಿಸಿದ್ದಾರೆ. ಮೇಲೆ ತೆರೆದಿದ್ದು ತಳದಲ್ಲಿ ಬೂದುಬಣ್ಣದ ಪೇಸ್ಟ್ ತಟ್ಟೆಯಂತೆ ಗಟ್ಟಿಯಾಗಿ ಕುಳಿತಿದ್ದರೆ ಮಿಶ್ರಣದಲ್ಲಿ ನೀರು ಹೆಚ್ಚಾಗಿ ಅಥವಾ ಕಂಪನ ಹೆಚ್ಚಾಗಿ ಪೇಸ್ಟ್ ಜಲ್ಲಿಯನ್ನು ಬಿಟ್ಟು ಕೆಳಗಿಳಿದಿದೆ. ಈ ಕೊನೆಯ ದೋಷ ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೇಲ್ಮೈ ಚೆನ್ನಾಗಿಯೇ ಕಾಣುತ್ತದೆ, ತೊಳೆದರೂ ಏನೂ ಬದಲಾಗುವುದಿಲ್ಲ.

ಕಣ್ಣಿನ ತೀರ್ಮಾನವನ್ನು ತೂಕದಿಂದ ದೃಢಪಡಿಸಿಕೊಳ್ಳಬೇಕು. ಒಣಗಿಸಿದ ಮಾದರಿಯ ತೂಕದಲ್ಲಿ ಅದು ನೀರಿನೊಳಗೆ ಮುಳುಗಿದಾಗಿನ ತೂಕವನ್ನು ಕಳೆದರೆ ಘನಭಾಗದ ಗಾತ್ರ ಸಿಗುತ್ತದೆ. 100 ಮಿ.ಮೀ. ವ್ಯಾಸ, 150 ಮಿ.ಮೀ. ಉದ್ದದ ಮಾದರಿಯ ಒಟ್ಟು ಗಾತ್ರ 1,178 ಘನ ಸೆಂ.ಮೀ. ಒಣ ತೂಕ 2,230 ಗ್ರಾಂ, ಮುಳುಗಿದ ತೂಕ 1,290 ಗ್ರಾಂ ಇದೆಯೆಂದುಕೊಂಡರೆ ಘನಭಾಗ 940 ಘನ ಸೆಂ.ಮೀ., ರಂಧ್ರಭಾಗ ಸುಮಾರು ಶೇ. 20. ಶೇ. 15ಕ್ಕಿಂತ ಕೆಳಗಿಳಿದರೆ ರಂಧ್ರಗಳ ನಡುವಿನ ಕೊಂಡಿ ಕಳಚತೊಡಗಿ ನೀರಿನ ಹರಿವು ಬಹಳ ಕುಗ್ಗುತ್ತದೆ. ಸಾಧ್ಯವಾದರೆ ಮಾದರಿಯನ್ನು ಮೇಲು, ನಡು, ತಳ ಎಂದು ಮೂರು ತುಂಡು ಮಾಡಿ ಬೇರೆಬೇರೆಯಾಗಿ ಅಳೆಯಿರಿ. ಇಡೀ ಮಾದರಿಯ ಸರಾಸರಿ ಶೇ. 20 ಬಂದರೂ ತಳದ ತುಂಡು ಶೇ. 8 ಇರಬಹುದು, ನೀರಿಗೆ ಲೆಕ್ಕಕ್ಕೆ ಬರುವುದು ಆ 8 ಮಾತ್ರ. ಕೊರೆಯುವಾಗ ಬರುವ ರಾಡಿಯನ್ನು ಆ ಕೂಡಲೇ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಬೇಕು, ಇಲ್ಲವಾದರೆ ಪರೀಕ್ಷೆಯೇ ಸುತ್ತಲಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಜಲ್ಲಿ ಕಿತ್ತುಬರುವುದು

ಹೊಸ ಅಂಗಳ ತೆರೆದ ಮೊದಲ ಕೆಲವು ವಾರಗಳಲ್ಲಿ ಮೇಲ್ಮೈಯಿಂದ ಒಂದಷ್ಟು ಜಲ್ಲಿ ಸಡಿಲವಾಗಿ ಉದುರುವುದು ಸಹಜ. ಒಂದೇ ಬದಿಯಲ್ಲಿ ಅಂಟಿಕೊಂಡಿದ್ದ ಕಲ್ಲುಗಳು ಚಕ್ರದ ಉಜ್ಜುವಿಕೆಗೆ ಬಿಡಿಸಿಕೊಳ್ಳುತ್ತವೆ, ಅನಂತರ ಉದುರುವಿಕೆ ನಿಲ್ಲುತ್ತದೆ. ಅದನ್ನು ಕಂಡು ಗಾಬರಿಪಟ್ಟು ಮೇಲೆ ಏನನ್ನೋ ಬಳಿಯುವುದು ಬೇಡ. ತಿಂಗಳುಗಳು ಕಳೆದರೂ ಗುಡಿಸಿದಷ್ಟೂ ಜಲ್ಲಿ ಸಿಗುತ್ತಿದ್ದರೆ, ಕುಳಿಗಳು ಆಳವಾಗುತ್ತಿದ್ದರೆ ಅದು ದೋಷ.

ಇಲ್ಲಿ ಮುಖ್ಯವಾದ ಪ್ರಶ್ನೆ ಸಡಿಲತನ ಎಷ್ಟು ಆಳಕ್ಕಿದೆ ಎಂಬುದು. ದಪ್ಪ ಸ್ಕ್ರೂಡ್ರೈವರಿನಿಂದ ಕೆದಕಿ ನೋಡಿದಾಗ ಒಂದೆರಡು ಜಲ್ಲಿಯ ಆಳ ದಾಟಿದ ಮೇಲೆ ಗಟ್ಟಿ ಪದರ ಸಿಕ್ಕಿದರೆ ಕಾಂಕ್ರೀಟ್ ಒಳಗೆ ಚೆನ್ನಾಗಿದೆ, ಮೇಲ್ಮೈ ಮಾತ್ರ ಬೇಗ ಒಣಗಿದೆ. ಈ ಕಾಂಕ್ರೀಟಿನಲ್ಲಿ ಸಿಮೆಂಟಿಗೆ ನೀರಿನ ಅನುಪಾತ ಸಾಮಾನ್ಯವಾಗಿ 0.27ರಿಂದ 0.34ರ ನಡುವೆ ಇರುತ್ತದೆ. ಇರುವ ಆ ಅಲ್ಪ ನೀರಿಗೂ ತೆರೆದ ರಂಧ್ರಗಳ ಮೂಲಕ ಗಾಳಿ ತಾಗುತ್ತದೆ. ಆದ್ದರಿಂದಲೇ ಹಾಕಿದ 20 ನಿಮಿಷದೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕನಿಷ್ಠ 7 ದಿನ ತೆಗೆಯದೆ ಬಿಡಬೇಕೆಂಬ ನಿಯಮವಿದೆ. ಸಾಮಾನ್ಯ ಕಾಂಕ್ರೀಟಿನಂತೆ ಮರುದಿನ ನೀರು ಹಾಯಿಸಿ ಕ್ಯೂರಿಂಗ್ ಮಾಡುತ್ತೇವೆ ಎಂದುಕೊಂಡರೆ ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಸಡಿಲ ಪಟ್ಟಿಗಳು ಚಪ್ಪಡಿಯ ಅಂಚುಗಳುದ್ದಕ್ಕೂ ಮಾತ್ರ ಇದ್ದರೆ ಅಲ್ಲಿ ಹಾಳೆ ಗಾಳಿಗೆ ಎದ್ದಿರಬಹುದು, ಅಥವಾ ರೋಲರ್ ಅಂಚಿನವರೆಗೆ ತಲುಪದೆ ಕಾಂಕ್ರೀಟ್ ಸರಿಯಾಗಿ ಅಡಕಗೊಂಡಿಲ್ಲದಿರಬಹುದು.

ಕೆದಕಿದಷ್ಟೂ ಆಳಕ್ಕೆ ಜಲ್ಲಿ ಬಿಡಿಬಿಡಿಯಾಗಿ ಬಂದರೆ ಮಾತು ಬೇರೆ. ಅದು ಮಿಶ್ರಣಕ್ಕೆ ನೀರು ಸಾಲದೆ ಹೋದದ್ದು, ಅಥವಾ ನೀರು ಸೇರಿಸಿದ ಮೇಲೆ ಬಹಳ ಹೊತ್ತು ಲಾರಿಯಲ್ಲೇ ಇದ್ದು ಪೇಸ್ಟ್ ಬಿಗಿದುಕೊಂಡ ಬಳಿಕ ಹಾಕಿದ್ದು. ಉದುರಿದ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ. ಕಲ್ಲಿನ ಮೇಲೆ ಬೆರಳಿಗೆ ಹತ್ತುವ ಪುಡಿಪುಡಿಯಾದ ಸಿಮೆಂಟ್ ಇದ್ದರೆ ನೀರಿನ ಕೊರತೆಯಿಂದ ಸಿಮೆಂಟ್ ಪೂರ್ಣ ಗಟ್ಟಿಯಾಗಿಲ್ಲ. ಕಲ್ಲಿನ ಮೈ ಬೋಳಾಗಿದ್ದು ಪೇಸ್ಟ್ ಪೂರ್ತಿ ಕಳಚಿ ಬಂದಿದ್ದರೆ ಜಲ್ಲಿಯ ಮೇಲೆ ಧೂಳಿತ್ತು ಅಥವಾ ಒಣ ಜಲ್ಲಿ ಪೇಸ್ಟಿನ ನೀರನ್ನು ಹೀರಿಕೊಂಡಿತು ಎಂಬ ಅನುಮಾನಕ್ಕೆ ಜಾಗವಿದೆ. ಕಲ್ಲೇ ಸೀಳಿದ್ದರೆ ಪೇಸ್ಟ್ ಬಲವಾಗಿಯೇ ಇದೆ, ತಪ್ಪು ಹೊರೆಯದ್ದು. ನಿಂತಲ್ಲೇ ಚಕ್ರ ತಿರುಗಿಸುವ ಜಾಗಗಳಲ್ಲಿ, ಭಾರದ ಕಸದ ಲಾರಿ ತಿರುಗುವಲ್ಲಿ, ಒಳ್ಳೆಯ ಕಾಂಕ್ರೀಟ್ ಕೂಡ ಸವೆಯುತ್ತದೆ.

ಹಿಮ ಬೀಳುವ ಪ್ರದೇಶಗಳಲ್ಲಿ ಇನ್ನೊಂದು ಕಾರಣ ಸೇರುತ್ತದೆ. ರಂಧ್ರಗಳು ಬರಿದಾಗಿದ್ದರೆ ಹೆಪ್ಪುಗಟ್ಟುವಿಕೆಯನ್ನು ಈ ಕಾಂಕ್ರೀಟ್ ತಾಳಿಕೊಳ್ಳಬಲ್ಲದು. ಹೂಳಿನಿಂದ ನೀರು ಒಳಗೇ ನಿಂತು ಹೆಪ್ಪುಗಟ್ಟಿದರೆ ತೆಳುವಾದ ಪೇಸ್ಟ್ ಒಡೆಯುತ್ತದೆ. ಹಿಮ ಕರಗಿಸುವ ಲವಣಗಳು ಹಾನಿಯನ್ನು ಹೆಚ್ಚಿಸುತ್ತವೆ, ಜಾರದಿರಲೆಂದು ಮರಳು ಚೆಲ್ಲುವುದು ರಂಧ್ರಗಳನ್ನು ಮುಚ್ಚುತ್ತದೆ. ಅಂಥಲ್ಲಿ ಜಲ್ಲಿ ಉದುರುವ ದೂರಿಗೂ ಉಂಗುರದ ಪರೀಕ್ಷೆಯಿಂದಲೇ ಆರಂಭಿಸುವುದು ಸರಿ.

ಬಿರುಕು ಮತ್ತು ಕುಸಿತ

ಬಿರುಕುಗಳ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚಿಂತೆ ಕಾಣುತ್ತದೆ. ರಂಧ್ರಗಳ ಮೂಲಕ ನೀರು, ಗಾಳಿ ಓಡಾಡುವ ಈ ಕಾಂಕ್ರೀಟಿನಲ್ಲಿ ತುಕ್ಕಿನ ಭಯದಿಂದ ಸಾಮಾನ್ಯವಾಗಿ ಕಬ್ಬಿಣ ಹಾಕುವುದೇ ಇಲ್ಲ. ನೀರು ಒಳಗೆ ಹೋಗಲೆಂದೇ ಮಾಡಿದ ನೆಲದಲ್ಲಿ ಕೂದಲೆಳೆಯ ಬಿರುಕು ನೋಟಕ್ಕೆ ಕೆಟ್ಟದ್ದೇ ಹೊರತು ಕೆಲಸಕ್ಕೆ ಅಡ್ಡಿಯಲ್ಲ. ಬಿರುಕಿನ ಎರಡು ಬದಿಗಳಲ್ಲಿ ಎತ್ತರ ವ್ಯತ್ಯಾಸವಾಗಿದ್ದರೆ, ಮೂಲೆಗಳು ಮುರಿದಿದ್ದರೆ, ಬಿರುಕುಗಳು ಬಲೆಯಂತೆ ಹೆಣೆದುಕೊಂಡಿದ್ದರೆ ಮಾತ್ರ ಕೆಳಗೆ ಅಗೆದು ನೋಡಬೇಕು. ಚಪ್ಪಡಿಯ ದಪ್ಪ ಅಲ್ಲಿ ವಿನ್ಯಾಸದಷ್ಟಿದೆಯೇ, ಜಲ್ಲಿ ಹಾಸು ಪಕ್ಕಕ್ಕೆ ಸರಿದಿದೆಯೇ, ನೆನೆದ ಮಣ್ಣು ಮೆತ್ತಗಾಗಿದೆಯೇ ಎಂಬ ಮೂರನ್ನು ಪರೀಕ್ಷಿಸಿದರೆ ಕಾರಣ ಸಿಗುತ್ತದೆ.

ದುರಸ್ತಿ

ಹೂಳು ಎಂದು ಸಿದ್ಧವಾದಲ್ಲಿಯೂ ಇಡೀ ಅಂಗಳವನ್ನು ಒಮ್ಮೆಲೇ ತೊಳೆಯದೆ, ಒಂದು ಚಪ್ಪಡಿಯ ಮೇಲೆ ಪ್ರಯೋಗ ಮಾಡಿ ಮೊದಲೂ ಆಮೇಲೂ ಉಂಗುರದ ಅಳತೆ ತೆಗೆಯಬೇಕು. ಒತ್ತಡದ ನೀರು ಹೂಳನ್ನು ಸಡಿಲಿಸುತ್ತದೆ, ವ್ಯಾಕ್ಯೂಮ್ ಅದನ್ನು ಹೊರಗೆಳೆಯುತ್ತದೆ. ಎರಡನ್ನೂ ಜೊತೆಯಾಗಿ ಬಳಸಿದಾಗ ಒಂದೊಂದರಿಂದ ಸಿಗುವುದಕ್ಕಿಂತ ಉತ್ತಮ ಫಲ ಸಿಗುತ್ತದೆ. ನೀರಿನ ಧಾರೆಯನ್ನು ನೇರ ಕೆಳಮುಖವಾಗಿ ಹಿಡಿದರೆ ಹೂಳು ಇನ್ನೂ ಆಳಕ್ಕೆ ಇಳಿಯುತ್ತದೆ, ಒತ್ತಡ ಅತಿಯಾದರೆ ಜಲ್ಲಿಯೂ ಏಳುತ್ತದೆ. ಓರೆಯಾಗಿ, ಮಿತವಾದ ಒತ್ತಡದಲ್ಲಿ ಹಿಡಿಯಬೇಕು. ಬರಿಯ ಪೊರಕೆ ಅಥವಾ ತಿರುಗುವ ಕುಂಚದ ಯಂತ್ರ ಎಲೆಗಳನ್ನು ಎತ್ತುತ್ತದೆಯಾದರೂ ಸಣ್ಣ ಧೂಳನ್ನು ರಂಧ್ರಗಳಿಗೇ ತುಂಬುತ್ತದೆ. ಪ್ರಯೋಗದ ಚಪ್ಪಡಿಯಲ್ಲಿ ಅಳತೆ ಮೇಲೇರದಿದ್ದರೆ ಹೂಳೇ ಕಾರಣವೆಂಬ ತೀರ್ಮಾನವನ್ನು ಕೈಬಿಟ್ಟು ಕೋರ್ ಮಾದರಿಗೆ ಮರಳಬೇಕು. ಜೊತೆಗೆ ಹೂಳಿನ ಮೂಲವನ್ನು ತಡೆಯದೆ ತೊಳೆಯುವುದು ವ್ಯರ್ಥ: ಹೂದೋಟದ ಮಣ್ಣಿನ ಮಟ್ಟ ಅಂಗಳಕ್ಕಿಂತ ಮೇಲಿದ್ದರೆ ಅದನ್ನು ಇಳಿಸಬೇಕು ಅಥವಾ ಅಂಚುಕಟ್ಟು ಕಟ್ಟಬೇಕು.

ಮೇಲ್ಮೈ ಮಾತ್ರ ಸಡಿಲವಾಗಿ ಒಳಗೆ ಗಟ್ಟಿಯಿದ್ದಲ್ಲಿ, ಅಥವಾ ಮೇಲೆ ಸಿಮೆಂಟ್ ಪೊರೆ ಮುಚ್ಚಿದ್ದಲ್ಲಿ, ವಜ್ರದ ಅಲಗಿನ ಯಂತ್ರದಿಂದ ಆ ತೆಳು ಪದರವನ್ನು ಅರೆದು ತೆಗೆಯಬಹುದು. ಅರೆದ ರಾಡಿಯನ್ನು ಕೂಡಲೇ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಬೇಕು, ಉಳಿದ ದಪ್ಪ ಹೊರೆಗೆ ಸಾಕೇ ಎಂದು ಮೊದಲೇ ನೋಡಿಕೊಳ್ಳಬೇಕು. ಪೂರ್ಣ ಆಳಕ್ಕೆ ಸಡಿಲವಾಗಿದ್ದರೆ ಅಥವಾ ತಳದಲ್ಲಿ ಪೇಸ್ಟ್ ಮುಚ್ಚಿದ್ದರೆ ಸಂದಿನಿಂದ ಸಂದಿನವರೆಗೆ ಆ ಚಪ್ಪಡಿಯನ್ನು ತೆಗೆದು ಹೊಸದನ್ನು ಹಾಕುವುದೊಂದೇ ದಾರಿ. ಸಣ್ಣ ಕುಳಿಯೊಂದನ್ನು ಸಾಮಾನ್ಯ ಕಾಂಕ್ರೀಟಿನಿಂದ ಮುಚ್ಚಿದರೆ ದೊಡ್ಡ ನಷ್ಟವಿಲ್ಲ, ನೀರು ಸುತ್ತಲಿನ ರಂಧ್ರಗಳಿಂದ ಇಳಿಯುತ್ತದೆ. ಆದರೆ ಡಾಂಬರು ನೆಲಕ್ಕೆ ಬಳಿಯುವ ಲೇಪವನ್ನು ಯಾವ ಕಾರಣಕ್ಕೂ ಇದರ ಮೇಲೆ ಬಳಿಯಬಾರದು. ಒಳಗಿಳಿದ ಆ ಲೇಪವನ್ನು ಯಾವ ಯಂತ್ರವೂ ಮತ್ತೆ ಹೊರಗೆ ತೆಗೆಯಲಾರದು. ದುರಸ್ತಿ ಮುಗಿದ ಮೇಲೆ ಅದೇ ಜಾಗಗಳಲ್ಲಿ ಉಂಗುರದ ಅಳತೆ ತೆಗೆದು ನಕ್ಷೆಯಲ್ಲಿ ಬರೆದಿಟ್ಟು, ಮುಂದೆ ವರ್ಷಕ್ಕೊಮ್ಮೆ ಅಲ್ಲಿಯೇ ಅಳೆಯುತ್ತ ಹೋದರೆ ಸಾಮರ್ಥ್ಯ ಕುಸಿಯುತ್ತಿರುವುದು ನೀರು ನಿಲ್ಲುವ ಬಹಳ ಮೊದಲೇ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತದೆ.